ಹನ್ನೊಂದು ಸಲ ಪ್ರಿಂಟ್ ಒತ್ತಿದವರು ನಾವು

ಹೋದ ಸೆಮಿಸ್ಟರ್‌ನಲ್ಲಿ ಪ್ರಾಜೆಕ್ಟ್ ರಿಪೋರ್ಟ್ ಕೊಡೋ ಕೊನೇ ದಿನ. ಸಂಜೆ ನಾಲ್ಕಕ್ಕೆ ಗಡುವು. ಮೂರೂ ಹತ್ತಕ್ಕೆ ಡಿಪಾರ್ಟ್‌ಮೆಂಟಿನ ಪ್ರಿಂಟರ್ ಕೆಂಪು ದೀಪ ಹಚ್ಚಿಕೊಂಡು ಸುಮ್ಮನಾಗಿಬಿಡ್ತು. ಸುತ್ತ ನಿಂತಿದ್ದವರು ನಾವು ಆರು ಜನ. ನಾಲ್ವರು ಕಂಪ್ಯೂಟರ್ ಸೈನ್ಸ್, ಇಬ್ಬರು ಎಲೆಕ್ಟ್ರಾನಿಕ್ಸ್. ನಮ್ಮಲ್ಲೊಬ್ಬನ ಪ್ರಾಜೆಕ್ಟು ಏನು ಗೊತ್ತಾ? ಯಂತ್ರಗಳು ಕೆಡೋ ಮೊದಲೇ ದೋಷ ಪತ್ತೆ ಹಚ್ಚೋದು!

ನಾವೇನು ಮಾಡಿದ್ವಿ? ಇನ್ನೊಂದ್ಸಲ ಪ್ರಿಂಟ್ ಒತ್ತಿದ್ವಿ. ಬರಲಿಲ್ಲ, ಮತ್ತೊಂದ್ಸಲ ಒತ್ತಿದ್ವಿ. ಒಬ್ಬ ಪ್ರಿಂಟರಿನ ತಲೆ ಮೇಲೆ ಎರಡು ಬಿಟ್ಟ. ಇನ್ನೊಬ್ಬಳು ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿ ‘ಯಾರಿಗಾದ್ರೂ ಗೊತ್ತಾ?’ ಅಂದಳು. ಮತ್ತೊಬ್ಬ ಕಂಪ್ಯೂಟರನ್ನೇ ರೀಸ್ಟಾರ್ಟ್ ಮಾಡಿದ. ಅದು ಎದ್ದು ಬಂದಾಗ ಪ್ರಿಂಟಿಂಗ್ ಸಾಲಿನಲ್ಲಿ ಅದೇ ರಿಪೋರ್ಟು ಹನ್ನೊಂದು ಸಲ ಸಾಲಾಗಿ ಕೂತಿತ್ತು.

ಅಷ್ಟರಲ್ಲಿ ಟೀ ಲೋಟ ತಗೊಂಡು ಹೋಗೋಕೆ ಬಂದ ಅಟೆಂಡರ್ ಅಣ್ಣ ಬಾಗಿಲಲ್ಲೇ ನಿಂತು ನಮ್ಮನ್ನ ಒಂದು ನಿಮಿಷ ನೋಡಿದರು. “ಎಲ್ಲಿ ಸಿಕ್ಕಾಕೊಂಡೈತೆ ಅಂತ ನೋಡಿದ್ರಾ?” ಅಂದರು. ನಾವ್ಯಾರೂ ನೋಡಿರಲಿಲ್ಲ. ಅವರು ಪ್ರಿಂಟರಿನ ಸ್ವಿಚ್ ಆರಿಸಿ, ಸ್ವಲ್ಪ ಹೊತ್ತು ತಣ್ಣಗಾಗೋಕೆ ಬಿಟ್ಟು, ಹಿಂದಿನ ಬಾಗಿಲು ತೆಗೆದರು. ಅಂಗೈ ಅಗಲದ ಒಂದು ಕಾಗದದ ಚೂರನ್ನ ಎರಡೂ ಕೈಯಲ್ಲಿ ಹಿಡಿದು, ಹಾಳೆ ಹೋಗೋ ದಿಕ್ಕಿಗೇ ನಿಧಾನ ಎಳೆದು ತೆಗೆದರು. ಆಮೇಲೆ ಟ್ರೇ ಎಳೆದು, ಒಳಗಿದ್ದ ಕಾಗದವನ್ನ ಮುಟ್ಟಿ ನೋಡಿ, “ವಾರದಿಂದ ಮಳೆ ಅಲ್ವಾ, ತೇವ ಹಿಡ್ದೈತೆ” ಅಂತ ಬೀರುವಿನಿಂದ ಹೊಸ ಕಟ್ಟು ಒಡೆದು ಹಾಕಿದರು. ಪ್ರಿಂಟರ್ ಶುರುವಾಯ್ತು. ಹನ್ನೊಂದು ಕಾಪಿ ಒಂದರ ಹಿಂದೊಂದು ಬರೋಕೆ ಹತ್ತಿದವು. ಅದನ್ನ ನಿಲ್ಲಿಸೋದು ಹೇಗೆ ಅಂತಾನೂ ನಮಗೆ ಗೊತ್ತಿರಲಿಲ್ಲ.

ಆವತ್ತು ಆದ ನಾಚಿಕೆಯಿಂದಲೇ ಈ ಬರಹ. ನಮ್ಮ ಮಾತು ಇಷ್ಟೇ: ಕೆಟ್ಟ ಯಂತ್ರದ ಮುಂದೆ ನಿಂತು ‘ಎಲ್ಲಿ ನಿಂತಿದೆ?’ ಅಂತ ಕೇಳೋದನ್ನ ಕಲಿಯದೆ ನಾವು ಎಂಜಿನಿಯರ್ ಆಗ್ತಿದ್ದೀವಿ. ಇದನ್ನ ಸಣ್ಣ ವಿಷಯ ಅಂತ ತಳ್ಳಿಹಾಕೋದು ತಪ್ಪು. ಮತ್ತು ಇದನ್ನ ಕಲಿಯೋದಕ್ಕೆ, ಕಲಿಸೋದಕ್ಕೆ ಕನ್ನಡ ಸಂಘಕ್ಕಿಂತ ಒಳ್ಳೇ ಜಾಗ ಈ ಕ್ಯಾಂಪಸ್ಸಿನಲ್ಲಿ ಇಲ್ಲ.

ಪರೀಕ್ಷೆಯಲ್ಲಿ ಬರೆದದ್ದೇ ಕಣ್ಣ ಮುಂದೆ ಇತ್ತು

ಆಪರೇಟಿಂಗ್ ಸಿಸ್ಟಮ್ ಪೇಪರಿನಲ್ಲಿ ‘ಸ್ಪೂಲಿಂಗ್ ಎಂದರೇನು?’ ಅಂತ ಕೇಳಿದರೆ ನಾವೆಲ್ಲ ಚಿತ್ರ ಸಮೇತ ಬರೀತೀವಿ. ಪ್ರಿಂಟರ್ ನಿಧಾನ, ಕಂಪ್ಯೂಟರ್ ವೇಗ. ಅದಕ್ಕೆ ಕೆಲಸಗಳನ್ನ ಮೊದಲು ಡಿಸ್ಕಿನಲ್ಲಿ ಇಟ್ಟು, ಒಂದೊಂದಾಗಿ ಪ್ರಿಂಟರಿಗೆ ಕಳಿಸೋದು. ಸರಿ. ಹಾಗಿದ್ರೆ ರೀಸ್ಟಾರ್ಟ್ ಮಾಡಿದ ಮೇಲೂ ಹನ್ನೊಂದು ಕಾಪಿ ಯಾಕೆ ಉಳಿದಿದ್ದವು? ಅವು ಡಿಸ್ಕಿನಲ್ಲಿ ಫೈಲುಗಳಾಗಿ ಕೂತಿದ್ದವು, ಅದಕ್ಕೆ. ಉತ್ತರ ನಮ್ಮ ನೋಟ್ಸಿನಲ್ಲೇ ಇತ್ತು. ನೋಟ್ಸಿಗೂ ಮೇಜಿನ ಮೇಲಿದ್ದ ಡಬ್ಬಕ್ಕೂ ಸಂಬಂಧ ಇದೆ ಅಂತ ಮಾತ್ರ ನಮಗೆ ಹೊಳೆಯಲಿಲ್ಲ.

ವಿಂಡೋಸ್‌ನಲ್ಲಿ ಸಾಲು ಹೀಗೆ ಕಚ್ಚಿಕೊಂಡು, ‘ಡಿಲೀಟಿಂಗ್’ ಅಂತ ತೋರಿಸ್ತಾ ಅಲ್ಲೇ ನಿಂತುಬಿಟ್ಟರೆ ಮಾಡೋದು ಮೂರು ಕೆಲಸ. ಸರ್ವೀಸಸ್ ಪಟ್ಟಿ ತೆಗೆದು ‘ಪ್ರಿಂಟ್ ಸ್ಪೂಲರ್’ ನಿಲ್ಲಿಸೋದು. ವಿಂಡೋಸ್ ಫೋಲ್ಡರ್ ಒಳಗಿನ ಸಿಸ್ಟಮ್32, ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್ – ಆ ಕೊನೇ ಫೋಲ್ಡರಿನಲ್ಲಿರೋ ಫೈಲುಗಳನ್ನ ಅಳಿಸೋದು. ಸ್ಪೂಲರನ್ನ ಮತ್ತೆ ಶುರು ಮಾಡೋದು. ಫೋಲ್ಡರನ್ನ ಅಳಿಸಬೇಡಿ, ಒಳಗಿನ ಫೈಲುಗಳನ್ನ ಮಾತ್ರ. ಆ ಕಂಪ್ಯೂಟರಿನಿಂದ ಕಳಿಸಿದ ಎಲ್ಲರ ಪ್ರಿಂಟೂ ಹೋಗುತ್ತೆ, ಹಾಗಾಗಿ ಅಕ್ಕಪಕ್ಕದವರನ್ನ ಕೇಳಿ ಮಾಡಿ. ಲ್ಯಾಬಿನ ಕಂಪ್ಯೂಟರಾದರೆ ಅಡ್ಮಿನ್ ಅನುಮತಿ ಬೇಕೇ ಬೇಕು. ನಿಮ್ಮದೇ ಲ್ಯಾಪ್‌ಟಾಪ್ ಆದರೆ ಎರಡು ನಿಮಿಷದ ಕೆಲಸ.

ಅರ್ಧ ಮಾಡಿ ನೋಡಿ

ಇಂಥ ಉಪಾಯಗಳನ್ನ ಪಟ್ಟಿ ಮಾಡ್ತಾ ಹೋದರೆ ಮುಗಿಯೋಲ್ಲ, ಯಾರೂ ನೆನಪಿಟ್ಟುಕೊಳ್ಳೋದೂ ಇಲ್ಲ. ನೆನಪಿಡಬೇಕಾದ್ದು ಒಂದೇ ವಿಧಾನ. ಅದೂ ನಮಗೆ ಗೊತ್ತಿರೋದೇ: ಬೈನರಿ ಸರ್ಚ್. ದಾರಿಯನ್ನ ಅರ್ಧ ಮಾಡಿ, ತಪ್ಪು ಯಾವ ಅರ್ಧದಲ್ಲಿದೆ ಅಂತ ನೋಡೋದು.

ಪ್ರಿಂಟ್ ಬರ್ತಿಲ್ಲ ಅಂದರೆ ಮೊದಲು ಕಂಪ್ಯೂಟರನ್ನ ಮರೆತುಬಿಡಿ. ಪ್ರಿಂಟರಿನ ಮೇಲಿರೋ ಬಟನ್ನಿನಿಂದಲೇ ಒಂದು ಟೆಸ್ಟ್ ಪೇಜ್ ತೆಗೀರಿ. ಅದು ಚೆನ್ನಾಗಿ ಬಂದರೆ ಕಾಗದ, ಟೋನರ್, ರೋಲರ್ ಎಲ್ಲ ಸರಿ ಇದೆ. ತೊಂದರೆ ಕಂಪ್ಯೂಟರಿನ ಕಡೆ ಅಥವಾ ನಡುವಿನ ದಾರಿಯಲ್ಲಿ. ಬರಲಿಲ್ಲ ಅಂದರೆ ಡ್ರೈವರ್ ಅಂತ ಎರಡು ಗಂಟೆ ಒದ್ದಾಡೋದು ದಂಡ. ಒಂದು ಹಾಳೆಯಲ್ಲಿ ಅರ್ಧ ಜಗತ್ತು ಲೆಕ್ಕದಿಂದ ಹೊರಗೆ ಹೋಯ್ತು.

ದಾರಿಯಲ್ಲಿ ತೊಂದರೆ ಅಂದರೆ? ವೈಫೈ ಪ್ರಿಂಟರ್ ನಿನ್ನೆವರೆಗೆ ಚೆನ್ನಾಗಿತ್ತು, ಇವತ್ತು ‘ಆಫ್‌ಲೈನ್’ ಅನ್ನುತ್ತೆ. ಬಹಳ ಸಲ ಕಾರಣ ಇಷ್ಟೇ – ಕರೆಂಟ್ ಹೋಗಿ ಬಂದಾಗ ರೂಟರ್ ಅದಕ್ಕೆ ಹೊಸ ಐಪಿ ವಿಳಾಸ ಕೊಟ್ಟಿದೆ, ಕಂಪ್ಯೂಟರ್ ಹಳೇ ವಿಳಾಸದಲ್ಲೇ ಹುಡುಕ್ತಿದೆ. ನಾವು ಹಾಸ್ಟೆಲ್ ರೂಮು ಬದಲಾಯಿಸಿದ ಮೇಲೆ ಊರಿಂದ ಬಂದ ಪಾರ್ಸೆಲ್ ಹಳೇ ರೂಮಿನ ಬಾಗಿಲಲ್ಲಿ ಬಿದ್ದಿರುತ್ತಲ್ಲ, ಹಾಗೆ. ಪ್ರಿಂಟರಿನ ನೆಟ್‌ವರ್ಕ್ ಪುಟ ತೆಗೆದು ಎರಡೂ ವಿಳಾಸ ಹೋಲಿಸಿದರೆ ಮುಗೀತು. ಅಲ್ಲಿ ವಿಳಾಸ 169.254 ಅಂತ ಶುರುವಾದರೆ ಅದಕ್ಕೆ ಯಾರೂ ವಿಳಾಸವೇ ಕೊಟ್ಟಿಲ್ಲ, ತಾನೇ ಒಂದು ಇಟ್ಟುಕೊಂಡಿದೆ ಅಂತ ಅರ್ಥ. ಆಗ ನೋಡಬೇಕಾದ್ದು ರೂಟರ್ ಕಡೆ.

ಇನ್ನು ಹಾಳೆ ಬರುತ್ತೆ, ಆದರೆ ಮೇಲೆ ಕಪ್ಪು ಕಲೆ. ಕಲೆಗಳು ಒಂದೇ ಅಂತರದಲ್ಲಿ ಮತ್ತೆ ಮತ್ತೆ ಬರ್ತಿದ್ದರೆ ಸ್ಕೇಲ್ ತಗೊಂಡು ಅಳೀರಿ. ಲೇಸರ್ ಪ್ರಿಂಟರಿನೊಳಗೆ ಉರುಳೋ ಯಾವುದೋ ಒಂದು ಸಿಲಿಂಡರ್ ಮೇಲೆ ಗೀರೋ ಕೊಳೆಯೋ ಇದೆ. ಅದು ಒಂದು ಸುತ್ತು ಬಂದಾಗಲೆಲ್ಲ ಹಾಳೆಗೆ ಒಂದು ಮುದ್ರೆ ಒತ್ತುತ್ತೆ. 24 ಮಿ.ಮೀ. ವ್ಯಾಸದ ಡ್ರಮ್ ಆದರೆ ಸುಮಾರು 75 ಮಿ.ಮೀ.ಗೊಂದು ಕಲೆ. ಪೈ ಗುಣಿಸು ವ್ಯಾಸ – ಏಳನೇ ಕ್ಲಾಸಿನ ಗಣಿತ. ಯಾವ ರೋಲರ್ ಅಂತ ಪ್ರಿಂಟರ್ ಬಿಚ್ಚದೇ ಹೇಳಬಹುದು. ಬೆರಳಿಂದ ಉಜ್ಜಿದರೆ ಅಕ್ಷರ ಪುಡಿಯಾಗಿ ಬರ್ತಿದ್ದರೆ, ಟೋನರನ್ನ ಸುಮಾರು 200 ಡಿಗ್ರಿ ಶಾಖದಲ್ಲಿ ಕಾಗದಕ್ಕೆ ಕರಗಿಸಿ ಅಂಟಿಸೋ ಫ್ಯೂಸರ್ ಭಾಗದ ಕಡೆ ನೋಡಬೇಕು. ತೇವದ ಕಾಗದ ಅಷ್ಟು ಶಾಖಕ್ಕೆ ಸಿಕ್ಕಾಗ ನೀರು ಆವಿಯಾಗಿ ಹಾಳೆ ಸುರುಳಿ ಸುತ್ತಿಕೊಳ್ಳುತ್ತೆ, ಸಿಕ್ಕಿಹಾಕಿಕೊಳ್ಳುತ್ತೆ. ಅಟೆಂಡರ್ ಅಣ್ಣ ಮುಟ್ಟಿ ನೋಡಿದ್ದು ಅದಕ್ಕೇ. ಸ್ವಿಚ್ ಆರಿಸಿ ಕಾದಿದ್ದೂ ಅದಕ್ಕೇ – ಆ ಶಾಖಕ್ಕೆ ಬೆರಳು ಕೊಟ್ಟರೆ ಬೊಬ್ಬೆ ಗ್ಯಾರಂಟಿ.

ಕೆಲವು ಸಲ ಏನೂ ಕೆಟ್ಟಿರೋದೇ ಇಲ್ಲ. ಫೈಲಿನಲ್ಲಿ ಕಾಗದದ ಅಳತೆ ಅಮೆರಿಕದ ‘ಲೆಟರ್’ ಅಂತ ಇರುತ್ತೆ, ಟ್ರೇಯಲ್ಲಿರೋದು ನಮ್ಮ ಎ4. ಲೆಟರ್ ಹಾಳೆ ಬರಲಿ ಅಂತ ಪ್ರಿಂಟರ್ ಕಾಯ್ತಾ ದೀಪ ಮಿಟುಕಿಸ್ತಿರುತ್ತೆ. ನಾವು ಅದನ್ನ ಬೈತಿರ್ತೀವಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಶೀತಕ್ಕೆ ಮೂಗು ಕೊಯ್ಯೋದು

ಲ್ಯಾಪ್‌ಟಾಪ್ ವಿಷಯಕ್ಕೆ ಬಂದರೆ ನಮ್ಮ ಹಾಸ್ಟೆಲ್‌ಗಳಲ್ಲಿ ಎರಡೇ ಔಷಧಿ. ಒಂದು, ‘ಆಫ್ ಮಾಡಿ ಆನ್ ಮಾಡು’. ಎರಡು, ‘ಫಾರ್ಮ್ಯಾಟ್ ಹೊಡಿ ಮಗಾ’.

ಮೊದಲನೇದು ಕೆಟ್ಟ ಸಲಹೆಯೇನಲ್ಲ, ಆದರೆ ಅರ್ಧಂಬರ್ಧ. ವಿಂಡೋಸ್ 10 ಮತ್ತು 11ರಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಆನ್ ಆಗಿದ್ದರೆ ‘ಶಟ್ ಡೌನ್’ ಒತ್ತಿದಾಗ ವ್ಯವಸ್ಥೆಯ ಒಳತಿರುಳು ಪೂರ್ತಿ ಮುಚ್ಚೋದಿಲ್ಲ. ಅದರ ಸ್ಥಿತಿಯನ್ನ ಡಿಸ್ಕಿಗೆ ಬರೆದಿಟ್ಟು, ನಾಳೆ ಅದನ್ನೇ ಎಬ್ಬಿಸುತ್ತೆ. ನಿನ್ನೆಯ ತಲೆನೋವೂ ಜೊತೆಗೇ ಎದ್ದು ಬರುತ್ತೆ. ‘ರೀಸ್ಟಾರ್ಟ್’ ಒತ್ತಿದಾಗ ಮಾತ್ರ ಎಲ್ಲ ಹೊಸದಾಗಿ ಶುರು. ಅನುಮಾನ ಇದ್ದರೆ ಟಾಸ್ಕ್ ಮ್ಯಾನೇಜರಿನಲ್ಲಿ ‘ಪರ್ಫಾರ್ಮೆನ್ಸ್’ ಪುಟಕ್ಕೆ ಹೋಗಿ ಸಿಪಿಯು ಕೆಳಗೆ ‘ಅಪ್ ಟೈಮ್’ ನೋಡಿ. ದಿನಾ ರಾತ್ರಿ ಆಫ್ ಮಾಡ್ತೀನಿ ಅನ್ನೋರ ಲ್ಯಾಪ್‌ಟಾಪೂ ಎಷ್ಟೋ ದಿನಗಳಿಂದ ಎಚ್ಚರವಾಗೇ ಇದೆ ಅಂತ ಅಲ್ಲಿ ಕಾಣಬಹುದು.

ಎರಡನೇದು ಮಾತ್ರ ಶೀತ ಆಯ್ತು ಅಂತ ಮೂಗು ಕೊಯ್ದುಕೊಂಡ ಹಾಗೆ. ನಮ್ಮ ಬ್ಯಾಚಿನ ಒಬ್ಬ ಗೆಳೆಯನ ಲ್ಯಾಪ್‌ಟಾಪು ಒಂದು ದಿನ ನೀಲಿ ಪರದೆ ತೋರಿಸಿ 48 ಅಂಕಿಗಳ ರಿಕವರಿ ಕೀ ಕೇಳ್ತು. ಹಿಂದಿನ ರಾತ್ರಿ ಬಯೋಸ್ ಅಪ್‌ಡೇಟ್ ಆಗಿತ್ತು, ಡಿಸ್ಕು ಬಿಟ್‌ಲಾಕರ್‌ನಿಂದ ಗೂಢಲಿಪಿಯಲ್ಲಿತ್ತು. ಆ ಕೀ ಅವನದೇ ಮೈಕ್ರೋಸಾಫ್ಟ್ ಖಾತೆಯಲ್ಲಿ ಭದ್ರವಾಗಿತ್ತು. ಫೋನಿನಿಂದ ಲಾಗಿನ್ ಆಗಿ ನೋಡಿಕೊಂಡು ಹೊಡೆದಿದ್ದರೆ ಆಗ್ತಿತ್ತು. ಆದರೆ ‘ವೈರಸ್ ಕಣೋ’ ಅಂದ್ರು ಯಾರೋ. ಫಾರ್ಮ್ಯಾಟ್ ಆಯ್ತು. ಎರಡು ವರ್ಷದ ನೋಟ್ಸು, ಅರ್ಧ ಮುಗಿದ ಪ್ರಾಜೆಕ್ಟು, ತೀರಿಹೋದ ಅಜ್ಜಿ ಜೊತೆಗಿನ ಫೋಟೋಗಳು – ಎಲ್ಲ ಹೋದವು. ಆ ‘ಯಾರೋ’ ನಾವೇ. ಇವತ್ತಿಗೂ ಅವನ ಮುಖ ನೋಡಿ ಆ ಮಾತು ತೆಗೆಯೋಕೆ ನಮಗೆ ಆಗಿಲ್ಲ. ಇದನ್ನ ಓದ್ತಿರೋರು ಈಗಲೇ ನಿಮ್ಮ ಕೀ ಎಲ್ಲಿದೆ ನೋಡಿ, ಕಾಗದದ ಮೇಲೆ ಬರೆದು ಟ್ರಂಕಿನಲ್ಲಿಡಿ. ಬ್ಯಾಕಪ್ ಒಂದು ಇರಲಿ.

ಅಪ್ಪನಿಗೆ ಫೋನಿನಲ್ಲಿ ಹೇಳೋಕೆ ಬರುತ್ತಾ?

ಈಗ ನಿಜವಾದ ವಿಷಯ. ನಮ್ಮಲ್ಲೊಬ್ಬನ ಅಪ್ಪ ಊರಿನ ಬಸ್ ಸ್ಟ್ಯಾಂಡ್ ಹತ್ತಿರ ಸಣ್ಣ ಜೆರಾಕ್ಸ್ ಅಂಗಡಿ ಇಟ್ಟಿದ್ದಾರೆ. ಒಂದು ಬೆಳಿಗ್ಗೆ ಪ್ರಿಂಟರ್ ಆಫ್‌ಲೈನ್ ಅಂತ ತೋರಿಸ್ತು. ಎದುರಿಗೆ ಪಹಣಿ ಪ್ರಿಂಟ್ ತಗೋಳೋಕೆ ಬಂದವರ ಸಾಲು. ಎಂಜಿನಿಯರಿಂಗ್ ಓದ್ತಿರೋ ಮಗನಿಗೆ ಫೋನ್ ಮಾಡಿದರು. ಮಗ “ಕ್ಲಾಸಲ್ಲಿದೀನಿ, ಗೂಗಲ್ ಮಾಡಿ ನೋಡಪ್ಪ” ಅಂದ. ಅವರು ನೋಡಿದರು. ಕಸ್ಟಮರ್ ಕೇರ್ ಅಂತ ಸಿಕ್ಕ ನಂಬರಿಗೆ ಫೋನ್ ಮಾಡಿದರು. ಆ ಕಡೆಯವನು ಒಂದು ಆ್ಯಪ್ ಹಾಕಿಸಿ, ಪರದೆ ತನ್ನ ಕೈಗೆ ತಗೊಂಡು, ‘ಹತ್ತು ರೂಪಾಯಿ ರಿಜಿಸ್ಟ್ರೇಷನ್’ ಅಂತ ಹೇಳಿ ಖಾತೆಯಿಂದ ಹದಿನಾಲ್ಕು ಸಾವಿರ ಎಳೆದ.

ಹಬ್ಬಕ್ಕೆ ಊರಿಗೆ ಹೋದಾಗ ಮಗ ನೋಡಿದರೆ, ಪ್ರಿಂಟರಿನ ಸಾಲಿನ ಕಿಟಕಿಯಲ್ಲಿ ‘ಯೂಸ್ ಪ್ರಿಂಟರ್ ಆಫ್‌ಲೈನ್’ ಅನ್ನೋದಕ್ಕೆ ಯಾರದೋ ಕೈತಪ್ಪಿ ಟಿಕ್ ಬಿದ್ದಿತ್ತು. ತೆಗೆದ. ಪ್ರಿಂಟ್ ಬಂತು. ಅಪ್ಪ ಏನೂ ಬೈಲಿಲ್ಲವಂತೆ. “ಇಷ್ಟೇನಾ?” ಅಂದರಂತೆ. ಅವನು ಇದನ್ನ ಹೇಳಿದ ರಾತ್ರಿ ನಮ್ಮ ರೂಮಿನಲ್ಲಿ ಯಾರಿಗೂ ಮಾತು ಬರಲಿಲ್ಲ. ಅದೇ ಫೋನು ನಮಗೆ ಬಂದಿದ್ದರೆ ನಾವೂ ಹಾಗೇ ಹೇಳ್ತಿದ್ವಿ ಅಂತ ಎಲ್ಲರಿಗೂ ಗೊತ್ತಿತ್ತು.

ಯಾಕೆ ಹಾಗೆ ಹೇಳ್ತಿದ್ವಿ? ಸಮಯ ಇಲ್ಲ ಅಂತಲ್ಲ. ಕನ್ನಡದಲ್ಲಿ ಹೇಳೋಕೆ ಬರೋಲ್ಲ ಅಂತ. ‘ಪ್ರಿಂಟ್ ಕ್ಯೂ ಓಪನ್ ಮಾಡಿ ಪೆಂಡಿಂಗ್ ಜಾಬ್ಸ್ ಕ್ಲಿಯರ್ ಮಾಡಪ್ಪ’ ಅಂದರೆ ಅದು ಯಾರಿಗೆ ಅರ್ಥವಾಗಬೇಕು? ‘ಕೆಳಗೆ ಬಲಗಡೆ ಗಡಿಯಾರದ ಪಕ್ಕ ಪುಟ್ಟ ಪ್ರಿಂಟರ್ ಚಿತ್ರ ಇದೆಯಾ? ಅದನ್ನ ಎರಡು ಸಲ ಒತ್ತಪ್ಪ. ಕಳಿಸಿದ ಪ್ರಿಂಟೆಲ್ಲ ಅಲ್ಲಿ ಸಾಲಾಗಿ ನಿಂತಿರುತ್ತೆ, ರೇಷನ್ ಅಂಗಡಿ ಮುಂದೆ ನಿಂತ ಹಾಗೆ. ಮೊದಲನೇದು ಅಡ್ಡ ನಿಂತರೆ ಹಿಂದಿನವೆಲ್ಲ ನಿಲ್ಲುತ್ತವೆ’ – ಇದು ಅರ್ಥವಾಗುತ್ತೆ. ಪ್ರಿಂಟರ್, ವೈಫೈ ಅನ್ನೋ ಪದಗಳಿಗೆ ಕನ್ನಡ ಹುಡುಕೋದು ನಮ್ಮ ವಾದ ಅಲ್ಲ. ಅವು ಈಗ ಕನ್ನಡದವೇ. ಮನೆಯವರಿಗೆ ಮನೆ ಮಾತಿನಲ್ಲಿ ವಿವರಿಸೋಕೆ ಬರದೇ ಇದ್ದರೆ ನಮಗೂ ಅದು ಅರ್ಥವಾಗಿಲ್ಲ ಅನ್ನೋದು ವಾದ.

ಕ್ಯಾಂಪಸ್ಸಿನಲ್ಲೂ ಅಷ್ಟೇ. ಮೊದಲ ವರ್ಷದ ಲ್ಯಾಬಿನಲ್ಲಿ ಕನ್ನಡ ಮಾಧ್ಯಮದಿಂದ ಬಂದ ಒಬ್ಬ ತಂಗಿ ಕಪ್ಪು ಪರದೆ ಮುಂದೆ ಇಡೀ ಒಂದು ಗಂಟೆ ಸುಮ್ಮನೆ ಕೂತಿದ್ದಳು. ಮಾನಿಟರಿನ ಕೇಬಲ್ ಸಡಿಲವಾಗಿತ್ತು, ಅಷ್ಟೇ. ಆದರೆ ‘ನಾನೇ ಏನೋ ಒತ್ತಿ ಹಾಳು ಮಾಡಿಬಿಟ್ಟೆ, ದುಡ್ಡು ಕಟ್ಟಬೇಕಾಗುತ್ತೇನೋ’ ಅಂತ ಅವಳಿಗೆ ಭಯ. ಇಂಗ್ಲಿಷಿನಲ್ಲಿ ಹೇಗೆ ಕೇಳೋದು ಅಂತ ಇನ್ನೊಂದು ಭಯ. ಕೇಬಲ್ ಸಿಕ್ಕಿಸೋಕೆ ಹತ್ತು ಸೆಕೆಂಡು. ಆ ಒಂದು ಗಂಟೆಯ ಲ್ಯಾಬು ಅವಳಿಗೆ ವಾಪಸ್ ಬರೋಲ್ಲ.

ಕನ್ನಡ ಪ್ರಿಂಟಿನ ಗೋಳು ಬೇರೇನೇ ಇದೆ. ಸಂಘದ ಆಹ್ವಾನ ಪತ್ರಿಕೆಯನ್ನ ನುಡಿ ಫಾಂಟಿನಲ್ಲಿ ಟೈಪಿಸಿ, ಪೆನ್‌ಡ್ರೈವಿನಲ್ಲಿ ಅಂಗಡಿಗೆ ಒಯ್ದರೆ, ಪರದೆ ಮೇಲೆ ಟೋಪಿ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳ ಜಾತ್ರೆ. ವೈರಸ್ ಅಲ್ಲ. ಹಳೇ ನುಡಿ, ಬರಹ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನ ಕೂರಿಸಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಅದು ಕನ್ನಡ ಅಂತಾನೇ ಗೊತ್ತಾಗೋದಿಲ್ಲ. ಯುನಿಕೋಡಿನಲ್ಲಿ ಕನ್ನಡಕ್ಕೆ ತನ್ನದೇ ಜಾಗ ಇದೆ, ಹಾಗಾಗಿ ಯುನಿಕೋಡಿನಲ್ಲೇ ಬರೀರಿ. ಅಂಗಡಿಗೆ ವರ್ಡ್ ಫೈಲ್ ಒಯ್ಯಬೇಡಿ, ಫಾಂಟ್ ಒಳಗೇ ಸೇರಿಸಿದ ಪಿಡಿಎಫ್ ಒಯ್ಯಿರಿ. ಅದರಲ್ಲೂ ಒತ್ತಕ್ಷರ ಚೆಲ್ಲಾಪಿಲ್ಲಿಯಾದರೆ ಪಿಡಿಎಫ್ ರೀಡರಿನ ಪ್ರಿಂಟ್ ಆಯ್ಕೆಗಳಲ್ಲಿ ‘ಪ್ರಿಂಟ್ ಆ್ಯಸ್ ಇಮೇಜ್’ ಇರುತ್ತೆ. ಸ್ವಲ್ಪ ನಿಧಾನ, ಆದರೆ ಪರದೆಯಲ್ಲಿ ಕಂಡದ್ದೇ ಹಾಳೆಗೆ ಬರುತ್ತೆ.

‘ಇದು ನಮ್ಮ ಕೆಲಸ ಅಲ್ಲ’ ಅನ್ನೋರಿಗೆ

ಕೆಲವು ಗೆಳೆಯರು ನಗ್ತಾರೆ. ‘ನಾವು ಓದ್ತಿರೋದು ಎಂಜಿನಿಯರಿಂಗ್, ಪ್ರಿಂಟರ್ ರಿಪೇರಿ ಅಲ್ಲ. ಪ್ಲೇಸ್‌ಮೆಂಟಿನಲ್ಲಿ ಪೇಪರ್ ಜಾಮ್ ಯಾರು ಕೇಳ್ತಾರೆ?’ ಅವರ ಮಾತಿನಲ್ಲಿ ಸ್ವಲ್ಪ ನಿಜ ಇದೆ. ಎಲ್ಲರೂ ಫ್ಯೂಸರ್ ಬಿಚ್ಚಬೇಕಿಲ್ಲ, ಬಿಚ್ಚಲೂಬಾರದು. ಅದಕ್ಕೆ ಕಲಿತವರಿದ್ದಾರೆ, ಅದು ಅವರ ಅನ್ನ. ಆದರೆ ನಾಳೆ ಕೆಲಸಕ್ಕೆ ಸೇರಿದ ಮೇಲೆ ರಾತ್ರಿ ಎರಡಕ್ಕೆ ಸರ್ವರ್ ನಿಂತರೆ ಕೇಳೋ ಪ್ರಶ್ನೆ ಇದೇ: ಎಲ್ಲಿವರೆಗೆ ಸರಿ ಇದೆ, ಎಲ್ಲಿಂದ ಕೆಟ್ಟಿದೆ, ಕೊನೇ ಸಲ ಏನು ಬದಲಾಯ್ತು? ಪ್ರಿಂಟರಿನ ಮುಂದೆ ಹನ್ನೊಂದು ಸಲ ಬಟನ್ ಒತ್ತಿದ ಕೈ ಅಲ್ಲಿ ಬೇರೆ ಆಗಿಬಿಡುತ್ತಾ?

ಪೇಪರ್ ಜಾಮನ್ನ ಸಣ್ಣದು ಅನ್ನೋರು ಈ ಕಥೆಯನ್ನೂ ಕೇಳಲಿ. 1980ರ ಆಸುಪಾಸು, ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆ ಲ್ಯಾಬ್. ಅಲ್ಲಿನ ಹಳೇ ಪ್ರಿಂಟರಿಗೆ ರಿಚರ್ಡ್ ಸ್ಟಾಲ್ಮನ್ ಒಂದು ಸೌಲಭ್ಯ ಬರೆದಿದ್ದರು – ಕಾಗದ ಸಿಕ್ಕಿಹಾಕಿಕೊಂಡರೆ ಕಾಯ್ತಿರೋ ಎಲ್ಲರ ಪರದೆಗೂ ಸುದ್ದಿ ಹೋಗುತ್ತೆ, ಯಾರಾದರೂ ಎದ್ದು ಹೋಗಿ ಸರಿಮಾಡ್ತಾರೆ. ಹೊಸ ಲೇಸರ್ ಪ್ರಿಂಟರ್ ಬಂದಾಗ ಅದಕ್ಕೂ ಹಾಗೇ ಮಾಡೋಣ ಅಂದರೆ ಅದರ ಸೋರ್ಸ್ ಕೋಡ್ ಸಿಗಲಿಲ್ಲ; ಕೇಳಿದರೂ ಕೊಡಲಿಲ್ಲ. ಆ ಕಹಿಯೂ ಸೇರಿ ಮುಂದೆ 1983ರಲ್ಲಿ ಅವರು ಗ್ನೂ ಯೋಜನೆ ಘೋಷಿಸಿದರು. ನಮ್ಮ ಲ್ಯಾಬುಗಳಲ್ಲಿ ನಾವು ದಿನಾ ಓಡಿಸೋ ಜಿಸಿಸಿ ಬಂದದ್ದು ಆ ಯೋಜನೆಯಿಂದ. ಸಿಕ್ಕಿಕೊಂಡ ಒಂದು ಹಾಳೆಯ ಮುಂದೆ ಒಬ್ಬ ‘ಯಾಕೆ?’ ಅಂತ ಕೇಳಿದ್ದರ ಫಲದಲ್ಲಿ ನಮಗೂ ಪಾಲಿದೆ.

ನಾವು ಮಾಡಬಹುದಾದ್ದು

ಬರೀ ಉಪದೇಶ ಬೇಡ. ಸಂಘದ ಮುಂದೆ ಮೂರು ಪ್ರಸ್ತಾಪ ಇಡ್ತಿದ್ದೀವಿ.

ಒಂದು, ಪ್ರತಿ ಲ್ಯಾಬಿನ ಪ್ರಿಂಟರ್ ಪಕ್ಕ ದಾರ ಕಟ್ಟಿದ ಒಂದು ನೋಟ್‌ಬುಕ್. ತಾರೀಖು, ಏನು ಕಂಡಿತು, ಏನು ಮಾಡಿದ್ವಿ, ಏನಾಯ್ತು – ನಾಲ್ಕು ಸಾಲು, ಕನ್ನಡದಲ್ಲಿ. ಒಂದು ವರ್ಷ ಹೋದರೆ ಯಾವ ಮಾನ್ಯುಯಲ್‌ಗೂ ಕಮ್ಮಿ ಇಲ್ಲದ ಪುಸ್ತಕ ಅದು.

ಎರಡು, ಶನಿವಾರ ಮಧ್ಯಾಹ್ನ ಒಂದು ಗಂಟೆ ಸಂಘದ ಕೋಣೆಯಲ್ಲಿ ‘ಎಲ್ಲಿ ನಿಂತಿದೆ?’ ಮೇಜು. ಕೆಟ್ಟ ಲ್ಯಾಪ್‌ಟಾಪ್, ಹಟ ಹಿಡಿದ ಪ್ರಿಂಟರ್, ಏನಾದರೂ ತನ್ನಿ. ನಾವು ಸರಿ ಮಾಡಿ ಕೊಡೋಲ್ಲ. ಜೊತೆಗೆ ಕೂತು ಹುಡುಕ್ತೀವಿ. ಮೊದಲ ವರ್ಷದ ತಂಗಿ-ತಮ್ಮಂದಿರು ಯಾವ ಪ್ರಶ್ನೆಯನ್ನಾದರೂ ಕನ್ನಡದಲ್ಲಿ ಕೇಳಬಹುದು. ಮೊದಲ ಶನಿವಾರಕ್ಕೆ ಅಟೆಂಡರ್ ಅಣ್ಣನನ್ನೇ ಕರೆದಿದ್ದೀವಿ. “ನಾನೇನು ಮೇಷ್ಟ್ರಾ?” ಅಂತ ನಕ್ಕರು, ಬರ್ತೀನಿ ಅಂದಿದ್ದಾರೆ.

ಮೂರು, ಮನೆಗೆ ಒಂದು ಫೋನು. ಈ ವಾರ ಊರಿಗೆ ಫೋನ್ ಮಾಡಿದಾಗ ಎರಡು ಮಾತು ಹೇಳಿ. ಸಹಾಯದ ನಂಬರನ್ನ ಗೂಗಲ್‌ನಲ್ಲಿ ಹುಡುಕಬೇಡಿ, ಪ್ರಿಂಟರಿನ ಡಬ್ಬದ ಮೇಲೋ ಬಿಲ್ಲಿನ ಮೇಲೋ ಇರೋದನ್ನೇ ನೋಡಿ. ಯಾರೇ ಆ್ಯಪ್ ಹಾಕಿಸಿ ಪರದೆ ಕೇಳಿದರೂ ಕೊಡಬೇಡಿ. ಅಕಸ್ಮಾತ್ ಮೋಸ ಆದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಆಮೇಲೆ ಕೊನೆಗೆ ಇದನ್ನೂ ಸೇರಿಸಿ: ‘ಏನೇ ಕೆಟ್ಟರೂ ಮೊದಲು ನಮಗೆ ಫೋನ್ ಮಾಡಿ. ಕ್ಲಾಸಲ್ಲಿದ್ದರೆ ಹೊರಗೆ ಬಂದು ಎತ್ತೀವಿ.’

ಅಂದಹಾಗೆ, ಆವತ್ತು ನಮ್ಮ ರಿಪೋರ್ಟು ತಲುಪಿದ್ದು ನಾಲ್ಕೂ ಇಪ್ಪತ್ತಕ್ಕೆ. ಬೈಸಿಕೊಂಡು ಕೊಟ್ಟು ಬಂದ್ವಿ. ಉಳಿದ ಕಾಪಿಗಳ ಹಿಂಬದಿ ಖಾಲಿ ಇತ್ತಲ್ಲ, ಹೊಲಿದು ನೋಟ್‌ಬುಕ್ ಮಾಡಿದ್ದೀವಿ. ಲ್ಯಾಬಿನ ಪ್ರಿಂಟರ್ ಪಕ್ಕ ದಾರ ಕಟ್ಟಿ ತೂಗಿಸಿರೋದು ಅದೇ. ಮೊದಲ ಪುಟದಲ್ಲಿ ಬರೆದಿದ್ದೀವಿ: ‘ಕಾಗದ ತೇವ ಇತ್ತು. ನಾವು ನೋಡಲಿಲ್ಲ.’